ಕಲ್ಲಿಗೆ ಕಾವಲು, ಹರಿಗೋಲಿಗೆ ಯಾರು?

ವಾರದ ಕೊನೆಯ ಸಂಜೆ ದೋಹಾದ ಸೂಕ್ ವಾಕಿಫ್‌ಗೆ ಹೋದರೆ ನನ್ನ ಕಣ್ಣು ಮೊದಲು ಹುಡುಕುವುದು ಹಮಾಲರನ್ನು. ಕಡುಗೆಂಪು ಮೇಲಂಗಿ ತೊಟ್ಟ ಹಿರಿಯರು ಗಿರಾಕಿಗಳ ಸಾಮಾನನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಓಣಿಯಲ್ಲಿ ಸಾಗುತ್ತಿರುತ್ತಾರೆ. ‘ವಾಕಿಫ್’ ಎಂದರೆ ನಿಂತಿರುವುದು. ಇದು ಹಳ್ಳದ ದಡದ ಸಂತೆ. ನೀರೇರಿದಾಗ ವ್ಯಾಪಾರಿಗಳು ನಿಂತೇ ಮಾರುತ್ತಿದ್ದರಂತೆ. 2003ರ ಬೆಂಕಿಯಲ್ಲಿ ಸಂತೆಯ ದೊಡ್ಡ ಭಾಗ ಸುಟ್ಟ ಮೇಲೆ ಹಳೆಯ ಮಾದರಿಯಲ್ಲೇ ಮತ್ತೆ ಕಟ್ಟಿದರು. ಹೊಸ ಗೋಡೆಗೆ ಹಳೆಯ ಬಣ್ಣ ಬಳಿದಿದ್ದಾರೆ ಎಂದು ಹಂಗಿಸುವವರಿದ್ದಾರೆ. ಅದರಲ್ಲಿ ಹುರುಳೂ ಇದೆ. ಆದರೆ ಗೋಡೆಯ ಜೊತೆ ಹಮಾಲನನ್ನೂ ಉಳಿಸಿಕೊಂಡರು, ಗಿಡುಗ ಮಾರುವ ಅಂಗಡಿಗಳನ್ನೂ ಉಳಿಸಿಕೊಂಡರು. ಗಿಡುಗ ಪಳಗಿಸುವ ವಿದ್ಯೆ 2010ರಲ್ಲಿ ಯುನೆಸ್ಕೊ ಪಟ್ಟಿ ಸೇರಿದಾಗ ಅದನ್ನು ತಮ್ಮದೆಂದು ಬರೆಸಿದ ದೇಶಗಳಲ್ಲಿ ಕತಾರ್ ಕೂಡ ಒಂದು.

ಅಲ್ಲಿ ನಿಂತಾಗಲೆಲ್ಲ ನನಗೆ ತುಂಗಭದ್ರೆಯ ತಳವಾರಘಟ್ಟ ನೆನಪಾಗುತ್ತದೆ, ಹೊಟ್ಟೆ ಉರಿಯುತ್ತದೆ.

ನಾನು ಗಂಗಾವತಿ ಕಡೆಯವನು. ಎಂಬತ್ತರ ದಶಕದಲ್ಲಿ ಅಜ್ಜಿಯ ಜೊತೆ ಆನೆಗೊಂದಿಯಲ್ಲಿ ಹರಿಗೋಲು ಹತ್ತಿ ಈಚೆ ದಡಕ್ಕೆ ಬಂದು, ಕಮಲಾಪುರದ ನೆಂಟರ ಮನೆಗೆ ಹೋಗುತ್ತಿದ್ದೆ. “ಏ ತಮ್ಮಾ, ನಡುವ ಕುಂದ್ರು, ಅಂಚಿಗೆ ಬರಬ್ಯಾಡ” ಎಂದು ಅಂಬಿಗ ಗದರುತ್ತಿದ್ದ. ಬುಟ್ಟಿ ತಿರುತಿರುಗಿ ಸಾಗುತ್ತಿತ್ತು. 1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ಇದನ್ನೇ ಬರೆದಿಟ್ಟಿದ್ದಾನೆ: ಬುಟ್ಟಿಯಂಥ ದುಂಡು ದೋಣಿ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತದೆ. ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದವು. ಉಳಿದದ್ದೆಲ್ಲ ಐನೂರು ವರ್ಷ ಹಾಗೇ ನಡೆಯಿತು.

ಈಗ ನಮ್ಮ ರಕ್ಷಣೆಯ ಲೆಕ್ಕ ನೋಡಿ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ತಳವಾರಘಟ್ಟದ ಹೆಬ್ಬಾಗಿಲಿಗೆ ರಕ್ಷಣೆಯಿದೆ. ಬಿದ್ದುಹೋದ ಹಳೆಯ ಸೇತುವೆಯ ಕಲ್ಲುಕಂಬಗಳು ಹೊಳೆಯಲ್ಲಿ ನಿಂತಿವೆ, ಅವಕ್ಕೂ ಗೌರವವಿದೆ. ಆದರೆ ಆ ಬಾಗಿಲು ಯಾಕಾಗಿ ಅಲ್ಲಿತ್ತೋ ಆ ಹೊಳೆ ದಾಟುವ ಕಾಯಕಕ್ಕೆ ಮಾತ್ರ ಜಾಗವಿಲ್ಲ. 1958ರ ಕೇಂದ್ರ ಕಾಯ್ದೆಯಾಗಲಿ, 1961ರ ರಾಜ್ಯ ಕಾಯ್ದೆಯಾಗಲಿ ನೋಡುವುದು ಕಟ್ಟಡವನ್ನು, ನಿವೇಶನವನ್ನು, ಅವಶೇಷವನ್ನು. ಹುಟ್ಟು ಹಾಕುವ ಕೈ ಅವಶೇಷವಾದ ಮೇಲೆಯೇ ನಾವು ಅದನ್ನು ನೋಡುತ್ತೇವೇನೋ!

ಜಗಳವೆಲ್ಲ ಸೇತುವೆಯ ಸುತ್ತಲೇ ನಡೆಯಿತು. ಹೊಸ ಸೇತುವೆಗಳ ಕೆಲಸದಿಂದಾಗಿ 1999ರಲ್ಲಿ ಹಂಪಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಬಿತ್ತು, 2006ರಲ್ಲಿ ಹೊರಬಂತು. 2009ರ ಜನವರಿಯಲ್ಲಿ ಆನೆಗೊಂದಿಯ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು ಬಡ ಕೆಲಸಗಾರರು ಸತ್ತರು. ಆಮೇಲೆ ಬುಕ್ಕಸಾಗರ–ಕಡೆಬಾಗಿಲು ಸೇತುವೆ ಬಂತು. ದಿನದ ಪ್ರಯಾಣಿಕರು ಅತ್ತ ಹೋದರು. ಅಂಬಿಗನಿಗೆ ಉಳಿದವರು ಹೆಚ್ಚಾಗಿ ಫೋಟೊ ತೆಗೆಸಿಕೊಳ್ಳುವವರು.

“ದೋಹಾದ ಏಸಿಯಲ್ಲಿ ಕೂತು ನಮಗೆ ಹರಿಗೋಲು ಹತ್ತು ಅಂತೀಯೇನಪ್ಪ?” ಎಂದು ಊರಿನ ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ನಡುರಾತ್ರಿ ಹೆರಿಗೆ ನೋವು ಬಂದವಳಿಗೆ ಬೇಕಾದದ್ದು ಸೇತುವೆಯೇ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಹರಿಗೋಲು ದಡ ಸೇರುತ್ತದೆ, ಆಗಲೂ ಬೇಕಾದದ್ದು ಸೇತುವೆಯೇ. ಸೇತುವೆ ಬೇಡ ಎಂದು ನಾನು ಹೇಳುತ್ತಿಲ್ಲ. ಸೇತುವೆ ಬಂತೆಂದು ಘಟ್ಟವನ್ನು ಅಳಿಸಬೇಡಿ ಎನ್ನುತ್ತಿದ್ದೇನೆ.

ನನ್ನ ಕಸುಬಿನ ಮಾತೊಂದು ಹೇಳುತ್ತೇನೆ. ಸವಕಳಿ ಪೂರ್ತಿ ಕಳೆದ ಯಂತ್ರವನ್ನೂ ಬಳಕೆಯಲ್ಲಿರುವ ತನಕ ನಾವು ಪುಸ್ತಕದಿಂದ ಹೊಡೆದುಹಾಕುವುದಿಲ್ಲ. ಒಂದು ರೂಪಾಯಿ ಬೆಲೆಗಾದರೂ ಅದು ಆಸ್ತಿಪಟ್ಟಿಯಲ್ಲಿ ಇರಬೇಕು. ಯಾಕೆಂದರೆ ಪಟ್ಟಿಯಲ್ಲಿ ಇಲ್ಲದ ವಸ್ತು ಕಳೆದುಹೋದರೆ ಲೆಕ್ಕ ಕೇಳುವವರು ಯಾರೂ ಇರುವುದಿಲ್ಲ. ತಳವಾರಘಟ್ಟದ ಹರಿಗೋಲಿಗೆ ಬೇಕಾಗಿರುವುದು ಆ ಒಂದು ರೂಪಾಯಿಯ ನಮೂದು.

ನಮೂದಿಸಬೇಕಾದವರೂ ಇದ್ದಾರೆ. 2002ರ ಕಾಯ್ದೆಯಂತೆ ಹುಟ್ಟಿದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವಿದೆ. ಜೀವಂತ ಪರಂಪರೆಯನ್ನು ಕಾಯುವ ಯುನೆಸ್ಕೊದ 2003ರ ಒಡಂಬಡಿಕೆಗೆ ಭಾರತ 2005ರಲ್ಲೇ ಒಪ್ಪಿಗೆ ಕೊಟ್ಟಿದೆ. ಪ್ರಾಧಿಕಾರವು ತಳವಾರಘಟ್ಟ–ಆನೆಗೊಂದಿ ಹಾದಿಯನ್ನು ಸ್ಥಳೀಯ ಪಾರಂಪರಿಕ ತಾಣವೆಂದು ಸಾರಲಿ. ಎರಡೂ ದಡದಲ್ಲಿ ಕನ್ನಡದ ಫಲಕ ನಿಲ್ಲಿಸಲಿ. ಅಂಬಿಗರಿಗೆ ಗುರುತಿನ ಚೀಟಿ, ಜೀವರಕ್ಷಕ ಕವಚ, ವಿಮೆ ಕೊಡಲಿ. ಊರವರಿಗೆ ಕಡಿಮೆ ದರದಲ್ಲಿ ದಿನಕ್ಕೆ ನಾಲ್ಕು ಸಲವಾದರೂ ದಾಟಿಸಲಿ, ನಷ್ಟವನ್ನು ಪ್ರವಾಸೋದ್ಯಮದ ಹಣದಿಂದ ತುಂಬಲಿ. ಬಿದಿರು ಸೀಳಿ ಹರಿಗೋಲು ಹೆಣೆಯುವುದನ್ನು ಬಲ್ಲವರು ಇರುವಾಗಲೇ ಚಿತ್ರಿಸಿ ಇಡಲಿ.

ಅಂಬಿಗರ ಚೌಡಯ್ಯನನ್ನು ವಚನಕಾರನೆಂದು ಪಠ್ಯದಲ್ಲಿ ಓದಿದವರು ನಾವು. ಹರಿಯನ್ನೇ ಅಂಬಿಗ ಎಂದು ಕರೆದ ಪುರಂದರದಾಸರ ಹೆಸರಿನ ಮಂಟಪ ಇದೇ ಹೊಳೆಯ ದಡದಲ್ಲಿದೆ. ಮಂಟಪಕ್ಕೆ ಕೈಮುಗಿದು ಅಂಬಿಗನನ್ನು ಮರೆತರೆ ಆ ಭಕ್ತಿಗೆ ಅರ್ಥವೇನು?

ಪರದೇಶದ ಗೆಳೆಯರೇ, ಈ ಸಲ ರಜೆಗೆ ಹೋದಾಗ ಸೇತುವೆಯ ಮೇಲೆ ಕಾರಿನಲ್ಲಿ ಹೋಗಿ, ಹರಿಗೋಲಿನಲ್ಲಿ ಹಿಂದಿರುಗಿ. ಬಾಡಿಗೆಗೆ ಚೌಕಾಸಿ ಮಾಡಬೇಡಿ. ಮನೆಗೆ ಬಂದು ಪ್ರಾಧಿಕಾರಕ್ಕೆ ಒಂದು ಪತ್ರ ಬರೆಯಿರಿ. ನನ್ನದನ್ನು ನಾನು ಬರೆದಿದ್ದೇನೆ.