ತತ್ತಿ ತುಂಬಿದ ಮೀನಿಗೂ ರಜೆ ಕೊಡಿ

ಹೋದ ಜೂನಿನಲ್ಲಿ ಟೀಮ್‌ನವರ ಜೊತೆ ದಾಂಡೇಲಿಗೆ ಹೋಗಿದ್ದೆ. ಜೋರು ಮಳೆ. ರಾತ್ರಿ ಊಟಕ್ಕೆ ಹೊಳೆ ಮೀನು ಫ್ರೈ. ಮೀನಿನ ಹೊಟ್ಟೆ ತುಂಬ ತತ್ತಿ. "ಬೋನಸ್ ಮಗಾ" ಅಂದ ಗೆಳೆಯ. ಸುಳ್ಳು ಯಾಕೆ ಹೇಳಲಿ, ನಾನೂ ತಿಂದೆ.

ನಾನು ಹಳಿಯಾಳ ಕಡೆಯ ಹಳ್ಳಿಯವನು. ಮೊದಲ ಮಳೆಗೆ ಹಳ್ಳ ಕೆಂಪಾದ ದಿನ ಮೀನು ತತ್ತಿ ಇಡೋಕೆ ನೀರಿಗೆ ಎದುರಾಗಿ ಹತ್ತಿ ಬರ್ತಿದ್ವು. ನಾವು ಹುಡುಗರು ಬುಟ್ಟಿಗಟ್ಟಲೆ ಹಿಡೀತಿದ್ವಿ. "ಹೊಟ್ಟಿ ದಪ್ಪ ಇದ್ದದ್ದು ಬಿಡ್ರೋ, ಮುಂದಿನ ವರ್ಷ ಏನ್ ತಿಂತೀರಿ?" ಅಂತ ಅಪ್ಪ ಬೈತಿದ್ದ. ಕೇಳಲಿಲ್ಲ. ಈಗ ಆ ಹಳ್ಳದಲ್ಲಿ ಒಂದು ಸಾರಿಗೆ ಆಗುವಷ್ಟು ಮೀನು ಸಿಕ್ಕರೆ ಪುಣ್ಯ.

ಇದೇ ಜಿಲ್ಲೆಯ ಕಾರವಾರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿನ ಸಂತಾನದ ಕಾಲ ಅಂತ. ಬಂದರಿನಲ್ಲಿ ಸಾಲಾಗಿ ನಿಂತ ಬೋಟು ಎಲ್ಲರ ಕಣ್ಣಿಗೂ ಕಾಣುತ್ತೆ. ಅದೇ ಎರಡು ತಿಂಗಳು ಜೋಯಿಡಾ, ಹಳಿಯಾಳದ ಹಳ್ಳಗಳಲ್ಲಿ, ಮುಂಡಗೋಡದ ಕೆರೆ ಕೋಡಿಗಳಲ್ಲಿ ನಡೆಯೋದನ್ನ ಯಾರು ನೋಡ್ತಾರೆ?

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. ಕೆರೆಗಳಿಗೆ ಕಾಟ್ಲಾ, ರೋಹು, ಮೃಗಾಲ್ ಮರಿ ಬಿಡ್ತಾರೆ. ಗಂಗೆ ಸೀಮೆಯ ಈ ಮೀನುಗಳು ನಿಂತ ನೀರಲ್ಲಿ ಸಾಮಾನ್ಯವಾಗಿ ಸಂತಾನ ಮಾಡೋದಿಲ್ಲ. ಅದಕ್ಕೇ ಮತ್ತೆ ಮತ್ತೆ ಹೊಸ ಮರಿ ಬೇಕು. 2020ರಲ್ಲಿ ಬಂದ ಮತ್ಸ್ಯ ಸಂಪದ ಯೋಜನೆಯ ಗಾತ್ರ 20,050 ಕೋಟಿ ರೂಪಾಯಿ, ಗುರಿ 220 ಲಕ್ಷ ಟನ್. ನಮ್ಮ ಆಫೀಸುಗಳ ಕಥೆಯೇ ಇದು: ಡ್ಯಾಶ್‌ಬೋರ್ಡಿನಲ್ಲಿ ಇರೋದನ್ನಷ್ಟೇ ಎಲ್ಲರೂ ನೋಡ್ಕೊಳ್ಳೋದು. ಪುಕ್ಕಟೆಯಾಗಿ ಮರಿ ಮಾಡುವ ಹಳ್ಳದ ಮೀನು ಆ ಡ್ಯಾಶ್‌ಬೋರ್ಡಿನಲ್ಲಿ ಇಲ್ಲ.

ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ. ಕಾಳಿ ಹೊಳೆಯೊಂದಕ್ಕೇ ಇಷ್ಟು ಅಣೆಕಟ್ಟು. ಮೇಲೆ ಹತ್ತುವ ಮೀನಿಗೆ ದೊಡ್ಡ ದಾರಿ ಆಗಲೇ ಬಂದ್. ಉಳಿದಿರೋದು ಸಣ್ಣ ಹಳ್ಳಗಳು. ಅಲ್ಲೂ ಬೇಸಿಗೆಯಲ್ಲಿ ಮಡುವಿಗೆ ಬ್ಲೀಚಿಂಗ್ ಪೌಡರ್ ಸುರಿದದ್ದನ್ನು ನಾನೇ ಕಂಡಿದ್ದೇನೆ. ಕೇಳೋಕೆ ಬಂದವರನ್ನು ಕಂಡಿಲ್ಲ. ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲಬಾರದು ಅಂತ 1897ರ ಕಾಯ್ದೆಯೇ ಹೇಳುತ್ತೆ. ಕಾನೂನಿಗೆ ಬರ ಇಲ್ಲ, ಕಾಯೋರಿಗೆ ಬರ.

"ಬಡವರ ಹೊಟ್ಟೆ ಮೇಲೆ ಹೊಡೀತೀಯಾ?" ಅಂತ ಕೇಳಬಹುದು. ಇಲ್ಲ. ಮೀನು ಖಾಲಿಯಾದರೆ ಮೊದಲು ಉಪವಾಸ ಬೀಳೋನು ಬಲೆ ನಂಬಿದವನೇ. ನಾನು ನೀವು ಚಿಕನ್ ಆರ್ಡರ್ ಮಾಡ್ತೀವಿ. ಮೀನು ಹತ್ತುವ ಹಳ್ಳಗಳನ್ನು ಪಂಚಾಯ್ತಿಗಳು ಗುರುತಿಸಲಿ. ಆ ಎರಡು ತಿಂಗಳು ಅವನ್ನು ಕಾಯುವ ಕೆಲಸವನ್ನು ಮೀನು ಹಿಡಿಯುವ ಮನೆಗಳಿಗೇ ಕೊಟ್ಟು, ಸರ್ಕಾರ ಕೂಲಿ ಕೊಡಲಿ. ಮರಿ ಕೊಳ್ಳುವ ದುಡ್ಡಿನ ಒಂದು ಪಾಲು ಇಲ್ಲಿಗೆ ಬರಲಿ.

ನಾವು ಮಾಡಬೇಕಾದ್ದು ಇನ್ನೂ ಸಣ್ಣದು. ಜೂನ್, ಜುಲೈನಲ್ಲಿ ದಾಂಡೇಲಿಗೆ ಹೋದ್ರೆ ಹೊಳೆ ಮೀನು ಕೇಳಬೇಡಿ. ಈ ಸಲ ನಾನೂ ಕೇಳೋದಿಲ್ಲ.