ಹತ್ತರಿಂದ ನಾಲ್ಕರವರೆಗೆ ಕೆರೆಗೆ ಬೀಗ

ಸರ್ಕಾರಿ ಶಾಲೆಯ ಮಕ್ಕಳಿಗೆ ಪಕ್ಕದ ಕೆರೆಯ ದಂಡೆಯಲ್ಲೇ ವಿಜ್ಞಾನ ಕಲಿಸೋಣ ಎಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, ಎಲ್ಲಿಲ್ಲದ ಕಾಳಜಿ ಉಕ್ಕಿ ಹರಿಯುತ್ತದೆ. ಅಯ್ಯೋ, ನೀರು! ಹಾವಿರುತ್ತದೆ. ಹಕ್ಕಿಗಳಿಗೆ ತೊಂದರೆ. ವಾಕಿಂಗ್ ಬರುವ ಹಿರಿಯರಿಗೆ ಗಲಾಟೆ. ಇಷ್ಟಕ್ಕೂ ಬಗ್ಗದಿದ್ದರೆ ಕೊನೆಯ ಬ್ರಹ್ಮಾಸ್ತ್ರ: ಸಿಲಬಸ್ ಮುಗಿಸುವವರು ಯಾರು?

ಈ ಕಾಳಜಿವಂತರೆಲ್ಲ ಒಮ್ಮೆ ಬೆಂಗಳೂರಿನ ಕೆರೆಗಳ ಗೇಟಿನ ಮುಂದೆ ನಿಂತು ಫಲಕ ಓದಲಿ. ಹಲವು ಕೆರೆಗಳ ಗೇಟು ನಸುಕಿಗೆ ತೆರೆದು ಹತ್ತರ ಹೊತ್ತಿಗೆ ಮುಚ್ಚುತ್ತದೆ. ಮತ್ತೆ ತೆರೆಯುವುದು ಸಂಜೆ ನಾಲ್ಕರ ಮೇಲೆ. ಶಾಲೆ ನಡೆಯುವುದು ಯಾವಾಗ? ಹತ್ತರಿಂದ ನಾಲ್ಕರವರೆಗೆ. ಮೇಷ್ಟ್ರು ಹಾಜರಿ ಕೂಗುವ ಹೊತ್ತಿಗೆ ಸರಿಯಾಗಿ ಕೆರೆಗೆ ಬೀಗ ಬೀಳುತ್ತದೆ. ಕೋಟಿಗಟ್ಟಲೆ ಸುರಿದು ಬೇಲಿ ಹಾಕಿ, ದಂಡೆಗೆ ಕಲ್ಲು ಹಾಸಿ, ಬೆಂಚು ಇಟ್ಟು ‘ಅಭಿವೃದ್ಧಿ’ ಮಾಡಿದ್ದು ಯಾರಿಗಾಗಿ ಎಂದು ತಿಳಿಯಲು ತಜ್ಞರ ಸಮಿತಿ ಬೇಕಿಲ್ಲ. ಶೂ ಹಾಕಿಕೊಂಡು ಮೂರು ಸುತ್ತು ಹೊಡೆಯುವವರಿಗೆ ಕೆರೆ ಸಿಕ್ಕಿತು. ಬೇಲಿಯಾಚೆ ಶೀಟಿನ ಮನೆಯಲ್ಲಿರುವ, ಯಾದಗಿರಿ–ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳಿಗೆ ಕೆರೆಯ ಪಾಲು ಸೊಳ್ಳೆ ಮತ್ತು ವಾಸನೆ ಮಾತ್ರ.

ಕೆರೆಯಲ್ಲಿ ಕಲಿಯುವುದೇನಿದೆ ಎನ್ನುತ್ತೀರಾ? ಒಂದು ಬಿಳಿ ತಟ್ಟೆ, ಒಂದು ಸೋಸುವ ಬಟ್ಟೆ, ಒಂದು ಭೂತಗನ್ನಡಿ ಸಾಕು. ದಂಡೆಯ ಕೆಸರನ್ನು ತಟ್ಟೆಗೆ ಸುರಿದರೆ ಕೆಂಪು ದಾರದಂಥ ಹುಳುಗಳು ಕಾಣುತ್ತವೆ. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಅವುಗಳಲ್ಲೂ ಇರುವುದರಿಂದ ಆಮ್ಲಜನಕ ಕಡಿಮೆಯಿರುವ ಕೊಳಚೆಯಲ್ಲೂ ಅವು ಬದುಕುತ್ತವೆ. ಅವು ಮಾತ್ರ ತುಂಬಿದ್ದು ಬೇರೇನೂ ಕಾಣದಿದ್ದರೆ ನೀರು ಕೆಟ್ಟಿದೆ ಎಂದು ನಾಲ್ಕನೇ ತರಗತಿಯ ಮಗುವೂ ಹೇಳಬಲ್ಲದು. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನೊಳಗೇ ಬೆಳೆದು ಸೊಳ್ಳೆ ಮರಿಗಳನ್ನು ತಿನ್ನುವುದನ್ನು ಕಂಡ ಮಗುವಿಗೆ ಆಹಾರ ಸರಪಳಿಯ ಚಿತ್ರವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಗುಳುಮುಳುಕ ಹಕ್ಕಿ ಎಷ್ಟು ಹೊತ್ತು ಮುಳುಗಿರುತ್ತದೆ ಎಂದು ಎಣಿಸುವುದೂ ಗಣಿತವೇ. ತೂಬು, ಕೋಡಿ, ಏರಿ, ಅಚ್ಚುಕಟ್ಟು ಎಂಬ ಇಡೀ ಎಂಜಿನಿಯರಿಂಗ್ ಅಲ್ಲೇ ಬಿದ್ದಿದೆ. ನಮ್ಮ ನಾಡಿನಲ್ಲಿ 36 ಸಾವಿರದಷ್ಟು ಕೆರೆಗಳಿವೆ ಎಂದು ಭಾಷಣಗಳಲ್ಲಿ ಎದೆ ತಟ್ಟಿಕೊಳ್ಳುತ್ತೇವಲ್ಲ, ಅಷ್ಟೂ ಪ್ರಯೋಗಾಲಯಗಳು. ಆದರೆ ಗುತ್ತಿಗೆ ಕೊಡಲು ಅಲ್ಲಿ ಏನೂ ಇಲ್ಲ. ಸ್ಮಾರ್ಟ್ ಬೋರ್ಡ್‌ಗಾದರೆ ಟೆಂಡರ್ ಕರೆಯಬಹುದು. ಹಾಗಾಗಿ ಕೆರೆಯಿಂದ ಕೂಗಳತೆಯ ದೂರದ ಶಾಲೆಯಲ್ಲಿ ಮಕ್ಕಳು ಪರದೆಯ ಮೇಲೆ ಕೊಕ್ಕರೆ ನೋಡುತ್ತಾರೆ, ಅದೂ ಕರೆಂಟ್ ಇದ್ದರೆ.

ಈಗ ಸುರಕ್ಷತೆಯ ಮಾತು. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆ ಹೋಗಿದ್ದ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಲ್ಲಿ ತೀರಿಕೊಂಡರು. ಆ ತಾಯಂದಿರ ದುಃಖದ ಮುಂದೆ ಯಾವ ವಾದವೂ ನಿಲ್ಲದು. ಆದರೆ ಆ ದುರಂತವನ್ನು ಅಡ್ಡ ಹಿಡಿದು ಮೊಣಕಾಲುದ್ದ ನೀರಿನ ದಂಡೆಗೂ ಮಕ್ಕಳನ್ನು ಬಿಡಬೇಡಿ ಎನ್ನುವವರು ಹೇಳಲಿ: ಭಾನುವಾರ ಮೇಷ್ಟ್ರಿಲ್ಲದೆ, ಹಗ್ಗವಿಲ್ಲದೆ, ಯಾರಿಗೂ ಹೇಳದೆ ಅದೇ ಕೆರೆಗೆ ಇಳಿಯುವ ಮಕ್ಕಳನ್ನು ನಿಮ್ಮ ಸುತ್ತೋಲೆ ಕಾಯುತ್ತದೆಯೇ? ಎಲ್ಲಿ ಹೂಳಿದೆ, ಎಲ್ಲಿ ಮರಳು ತೆಗೆದ ಗುಂಡಿ ಬಾಯ್ದೆರೆದಿದೆ ಎಂದು ದೊಡ್ಡವರು ಕೈ ಹಿಡಿದು ತೋರಿಸದೆ ಮಗುವಿಗೆ ನೀರಿನ ಭಯವಾದರೂ, ಜ್ಞಾನವಾದರೂ ಬರುವುದೆಲ್ಲಿಂದ?

ಕೋಲಾರದ ಮಕ್ಕಳಿಗಂತೂ ಈ ಪಾಠ ಬದುಕಿನ ಪ್ರಶ್ನೆ. 2018ರಿಂದ ಅಲ್ಲಿನ ಕೆರೆಗಳಿಗೆ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಹರಿಯುತ್ತಿದೆ. ಅಂತರ್ಜಲ ಏರಿತು ಎನ್ನುವವರಿದ್ದಾರೆ, ಮೂರನೇ ಹಂತದ ಶುದ್ಧೀಕರಣವಿಲ್ಲದೆ ವಿಷ ಕುಡಿಸುತ್ತಿದ್ದೀರಿ ಎನ್ನುವವರಿದ್ದಾರೆ. ವಿಷಯ ಕೋರ್ಟಿನ ಮೆಟ್ಟಿಲೂ ಹತ್ತಿಬಂತು. ನಾಳೆ ಆ ನೀರಿನಲ್ಲೇ ಬೆಳೆ ತೆಗೆಯಬೇಕಾದವರು ಇಂದು ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಕೂತಿದ್ದಾರೆ. ಅವರ ಕೈಗೊಂದು ಪಿಎಚ್ ಕಾಗದ ಕೊಡಲು ಸರ್ಕಾರಕ್ಕೆ ಯಾಕಿಷ್ಟು ಹಿಂಜರಿಕೆ? ಅಳೆಯಲು ಕಲಿತವರು ಪ್ರಶ್ನೆಯನ್ನೂ ಕೇಳುತ್ತಾರೆ, ಅದಕ್ಕೇ ಇರಬೇಕು. 2018ರ ಜನವರಿಯಲ್ಲಿ ಅದೇ ಕಣಿವೆಯ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದಾಗ ಆರಿಸಲು ಸೈನಿಕರು ಬರಬೇಕಾಯಿತು. ನೀರು ಹೊತ್ತಿ ಉರಿಯುವಂತೆ ಮಾಡಿದವರು ಅನಕ್ಷರಸ್ಥರೇನಲ್ಲ.

ಮೇಷ್ಟ್ರಿಗೆ ಪುರುಸೊತ್ತಿಲ್ಲವಂತೆ. ಹೌದು, ಇಲ್ಲ. ಮತದಾರರ ಪಟ್ಟಿಗೆ ಅವರೇ, ಬಿಸಿಯೂಟದ ಲೆಕ್ಕಕ್ಕೆ ಅವರೇ, ಆ್ಯಪ್ ತುಂಬಲೂ ಅವರೇ. 2025ರಲ್ಲಿ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆ ಮುಗಿಯಲಿಲ್ಲವೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಆಗ ಯಾರಿಗೂ ಸಿಲಬಸ್ಸಿನ ನೆನಪಾಗಲಿಲ್ಲ! ರಾಜ್ಯದ ಮನೆಮನೆಗೆ ಮೇಷ್ಟ್ರುಗಳನ್ನು ಕಳಿಸಬಲ್ಲ ಸರ್ಕಾರಕ್ಕೆ, ಅವರನ್ನು ತಿಂಗಳಿಗೊಮ್ಮೆ ಮಕ್ಕಳ ಜೊತೆ ಕೆರೆ ಏರಿಯ ಮೇಲೆ ನಿಲ್ಲಿಸಲು ಆಗುವುದಿಲ್ಲ ಎಂದರೆ ನಂಬಬೇಕೆ? ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’ ಎಂಬುದೊಂದು ಕಾಗದದ ಮೇಲೆ ಆಗಲೇ ಇದೆ. ಬ್ಯಾಗು ಬಿಟ್ಟು ಬಂದ ಮಗು ಅದೇ ನಾಲ್ಕು ಗೋಡೆಗಳ ನಡುವೆ ಕೂರುವುದರಲ್ಲಿ ಯಾವ ಸಂಭ್ರಮವೋ ಕಾಣೆ.

ಹಾಗೆಂದು ಕೆರೆ ಪಾಠ ಯಾರಿಗೂ ಸಿಗುತ್ತಿಲ್ಲವೇ? ಸಿಗುತ್ತಿದೆ, ಸಾವಿರಾರು ರೂಪಾಯಿ ಕಟ್ಟುವವರಿಗೆ. ದುಬಾರಿ ಶಾಲೆಯ ಮಕ್ಕಳು ಟೋಪಿ, ಬೈನಾಕ್ಯುಲರ್ ಸಮೇತ ‘ನೇಚರ್ ಕ್ಯಾಂಪ್’ಗೆ ಹೋಗಿ ಬರುತ್ತಾರೆ. ಆಗ ಹಾವೂ ಇಲ್ಲ, ಅಪಾಯವೂ ಇಲ್ಲ, ಹಕ್ಕಿಗಳಿಗೆ ತೊಂದರೆಯೂ ಇಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗೂ ವರ್ಷಕ್ಕೊಮ್ಮೆ ಕೆರೆ ದರ್ಶನವಾಗುತ್ತದೆ: ಜೂನ್ 5ರ ಪರಿಸರ ದಿನದಂದು, ಕೈಗವಸಿಲ್ಲದೆ ಪ್ಲಾಸ್ಟಿಕ್ ಆಯಲು, ಬಂದ ಗಣ್ಯರ ಜೊತೆ ಫೋಟೊಗೆ ನಿಲ್ಲಲು. ಉಳ್ಳವರ ಮಗು ಕೆರೆಗೆ ವಿಜ್ಞಾನಿಯಾಗಿ ಹೋಗಬೇಕು, ಬಡವರ ಮಗು ಜಾಡಮಾಲಿಯಾಗಿ ಹೋಗಬೇಕು. ಈ ನಾಡಿನ ಎಲ್ಲ ಕ್ಷೇತ್ರಗಳಲ್ಲೂ ನಡೆದುಬಂದ ಹಳೆಯ ಜಾತಿ ಲೆಕ್ಕವೇ ಇದು, ಹಸಿರು ಅಂಗಿ ತೊಟ್ಟಿದೆ ಅಷ್ಟೆ.

ಕಾನೂನು ಇಲ್ಲವೆಂದೇನಲ್ಲ. ಪರಿಸರ ಶಿಕ್ಷಣ ಕಡ್ಡಾಯವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಚಟುವಟಿಕೆ, ಶೋಧ, ಅನ್ವೇಷಣೆಗಳ ಮೂಲಕ ಕಲಿಕೆ ನಡೆಯಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಬರೆದಿಟ್ಟಿದೆ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿದಾಗ ಹೆಮ್ಮೆಯ ಹೇಳಿಕೆಗಳಿಗೆ ಬರವಿರಲಿಲ್ಲ. ಹಿಮಾಲಯ ದಾಟಿ ಮಾಗಡಿಗೆ ಬರುವ ಪಟ್ಟೆತಲೆ ಹೆಬ್ಬಾತಿಗೆ ಜಗತ್ತಿನ ಮಾನ್ಯತೆಯಿದೆ. ಕೆರೆಯ ಬುಡದಲ್ಲೇ ಹುಟ್ಟಿದ ಮಗುವಿಗೆ ಗೇಟಿನೊಳಗೆ ಬರಲು ಮಾನ್ಯತೆಯಿಲ್ಲ.

ದೊಡ್ಡ ಯೋಜನೆ ಬೇಡ, ಉದ್ಘಾಟನೆ ಬೇಡ, ಲಾಂಛನವಂತೂ ಬೇಡವೇ ಬೇಡ. ಕೆರೆಯ ಹತ್ತಿರವಿರುವ ಪ್ರತಿ ಸರ್ಕಾರಿ ಪ್ರಾಥಮಿಕ ಶಾಲೆಗೆ ತಿಂಗಳಿಗೊಂದು ಶನಿವಾರ ಗೇಟು ತೆರೆಯಲಿ. ಮೇಷ್ಟ್ರ ಜೊತೆಗೆ ಊರಿನ ಒಬ್ಬ ನೀರುಗಂಟಿಯೋ ಮೀನುಗಾರರೋ ಬರಲಿ, ಅವರಿಗೆ ಗೌರವಧನ ಸಿಗಲಿ. ಶಾಲೆಗೊಂದು ಹಗ್ಗ, ಹತ್ತು ತಟ್ಟೆ, ನಾಲ್ಕು ಭೂತಗನ್ನಡಿ ಕೊಡಿ. ಇಷ್ಟಕ್ಕೂ ದುಡ್ಡಿಲ್ಲ ಎನ್ನುವವರು ಮುಂದಿನ ಕೆರೆ ಅಭಿವೃದ್ಧಿಯ ಬಿಲ್ಲಿನಿಂದ ಎರಡು ಬೆಂಚು ಕಡಿಮೆ ಮಾಡಲಿ.

ಓದುಗರೇ, ನಿಮ್ಮ ಬಡಾವಣೆಯ ಕೆರೆಯ ಗೇಟಿನ ಫಲಕದಲ್ಲಿ ಸಮಯ ಏನೆಂದು ಬರೆದಿದೆ ಎಂದು ನೋಡಿ. ಹತ್ತರಿಂದ ನಾಲ್ಕರವರೆಗೆ ಬೀಗವಿದ್ದರೆ, ಬೀಗದ ಕೈ ಇಟ್ಟುಕೊಂಡ ಕಚೇರಿಗೆ ಹೋಗಿ ಕಾರಣ ಕೇಳಿ. ಲಿಖಿತ ಉತ್ತರ ಬರುವವರೆಗೂ ಬಿಡಬೇಡಿ.