ಹೂಲಿಗೆ ರೈತ ಸಂತೆ: ಕಟ್ಟೆ ಕಟ್ಟಿದರಷ್ಟೇ ಸಾಲದು

ಸವದತ್ತಿ ತಾಲೂಕಿನ ಹೂಲಿ ಎಂದೊಡನೆ ನೆನಪಾಗುವುದು ಪಂಚಲಿಂಗೇಶ್ವರ ಗುಡಿ ಮತ್ತು ಚಾಲುಕ್ಯರ ಕಾಲದ ಇತರ ದೇಗುಲಗಳು. ಅಷ್ಟು ಗುಡಿಗಳನ್ನು ಸಲಹಿದ ಊರಿನಲ್ಲಿ ಒಂದು ಕಾಲಕ್ಕೆ ಬೆಳೆಯೂ ವ್ಯಾಪಾರವೂ ಇದ್ದಿರಲೇಬೇಕು. ಇಂದಿಗೂ ಆ ಸೀಮೆಯ ಎರೆಭೂಮಿ ಜೋಳ, ಕಡಲೆ, ಹತ್ತಿ, ಗೋವಿನಜೋಳ ಕೊಡುತ್ತದೆ. ಆದರೆ ಮಾಲು ಸವದತ್ತಿ, ಬೈಲಹೊಂಗಲದ ಪೇಟೆಗೆ ಹೋಗುತ್ತದೆ. ಅದರೊಂದಿಗೆ ಊರಿನ ಹಣವೂ ಹೋಗುತ್ತದೆ. ಇಂತಹ ಊರುಗಳಿಗೆ ತಮ್ಮದೇ ಆದ ರೈತ ಸಂತೆ ಬೇಕು ಎಂಬುದು ನಮ್ಮ ಅಭಿಪ್ರಾಯ.

ಹತ್ತಿ, ಕಡಲೆಯಂತಹ ಮಾಲಿಗೆ ದೊಡ್ಡ ಪೇಟೆಯೇ ಗತಿ, ನಿಜ. ಆದರೆ ಎರಡು ಬುಟ್ಟಿ ಬದನೆ, ಒಂದು ಚೀಲ ಉಳ್ಳಾಗಡ್ಡಿ ಬೆಳೆದವನ ಪಾಡೇನು? ಬಾಡಿಗೆ, ಹಮಾಲಿ, ಅಡತಿ ಕಳೆದ ಮೇಲೆ ಅವನ ಕೈಗೆ ಉಳಿಯುವುದು ಅತ್ಯಲ್ಪ. ಸಂಜೆಯವರೆಗೆ ಕಾದರೆ ಮಾಲು ಬಾಡುತ್ತದೆ. ಆದ್ದರಿಂದ ಕೇಳಿದ ಬೆಲೆಗೆ ಕೊಟ್ಟು ಬರುತ್ತಾನೆ. 1980ರಲ್ಲಿ ನರಗುಂದ, ನವಲಗುಂದಗಳಲ್ಲಿ ಮಲಪ್ರಭೆಯ ರೈತರು ನೀರಾವರಿ ಕರದ ವಿರುದ್ಧ ಬೀದಿಗಿಳಿದಾಗ ಬೆಳೆಗೆ ನ್ಯಾಯವಾದ ಬೆಲೆಯನ್ನೂ ಕೇಳಿದ್ದರು. ಆ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.

ದಾರಿ ತೋರಿದವರು ಇದ್ದಾರೆ. ಪಂಜಾಬಿನಲ್ಲಿ 1987ರಲ್ಲಿ ‘ಅಪ್ನಿ ಮಂಡಿ’ ಆರಂಭವಾಯಿತು. 1999ರಲ್ಲಿ ಆಂಧ್ರಪ್ರದೇಶದಲ್ಲಿ ‘ರೈತು ಬಜಾರ್’, ಅದೇ ವರ್ಷ ನವೆಂಬರ್‌ನಲ್ಲಿ ಮಧುರೈಯಲ್ಲಿ ‘ಉಳವರ್ ಸಂದೈ’ ತೆರೆದವು. ತಮಿಳುನಾಡಿನಲ್ಲಿ ರೈತರಿಗೆ ಭಾವಚಿತ್ರವಿರುವ ಗುರುತಿನ ಚೀಟಿ ನೀಡಿದರು, ಮಳಿಗೆಗೆ ಬಾಡಿಗೆ ಕೇಳಲಿಲ್ಲ, ತಕ್ಕಡಿಯನ್ನೂ ಒದಗಿಸಿದರು, ದಿನದ ದರವನ್ನು ಫಲಕದಲ್ಲಿ ಬರೆದರು. 2001ರಲ್ಲಿ ಸರಕಾರ ಬದಲಾದಾಗ ಆ ಸಂತೆಗಳು ಸೊರಗಿದವು, 2006ರ ನಂತರ ಚೇತರಿಸಿಕೊಂಡವು. ಸಂತೆ ಆಳುವವರ ಮರ್ಜಿಗೆ ಸಿಲುಕಿದರೆ ಏನಾಗುತ್ತದೆ ಎಂಬುದಕ್ಕೆ ಇದು ಪಾಠ. ನಮ್ಮ ರಾಜ್ಯದಲ್ಲೂ ರೈತ ಸಂತೆಗಳು ಬಂದವು. ಆದರೆ ಅಲ್ಲಿಯಷ್ಟು ಆಳವಾಗಿ ಬೇರೂರಲಿಲ್ಲ. 2018ರ ಕೇಂದ್ರ ಬಜೆಟ್ಟಿನಲ್ಲಿ 22 ಸಾವಿರ ಗ್ರಾಮೀಣ ಸಂತೆಗಳನ್ನು ಅಭಿವೃದ್ಧಿಪಡಿಸುವ ಘೋಷಣೆಯಾಯಿತು. ಘೋಷಣೆಯಿಂದ ಊರಿಗೆ ನೆರಳು ಬರುವುದಿಲ್ಲ.

ಹಾಗಾದರೆ ಹೂಲಿಯಂತಹ ಊರು ಏನು ಮಾಡಬೇಕು? ಸಂತೆ ನಡೆಸುವ ಅಧಿಕಾರ ಗ್ರಾಮ ಪಂಚಾಯತಿಗೆ ಇದೆ. ಸವದತ್ತಿಯ ಸಂತೆಯ ದಿನಕ್ಕೆ ಅಡ್ಡ ಬರದ ವಾರವೊಂದನ್ನು ಆರಿಸಬೇಕು. ಬಸ್ಸು ನಿಲ್ಲುವ ಕಡೆ ಜಾಗ ಕೊಡಬೇಕು. ನೆರಳು, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ, ಮುದ್ರೆಯೊತ್ತಿದ ತಕ್ಕಡಿ ಮತ್ತು ದರದ ಫಲಕ, ಇಷ್ಟು ಮೊದಲು ಆಗಲಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಲಕ್ಷಾಂತರ ಜನ ಯಲ್ಲಮ್ಮನ ಗುಡ್ಡಕ್ಕೆ ಬರುತ್ತಾರೆ. ಅವರಲ್ಲಿ ಕೆಲವರಾದರೂ ಹೂಲಿಯ ಗುಡಿಗಳನ್ನು ನೋಡಿ, ಹೂಲಿಯ ಬೆಳೆಯನ್ನು ಕೊಂಡು ಹೋಗುವಂತಾಗಲಿ.

ಇಲ್ಲಿ ಒಂದು ಎಚ್ಚರ ಅಗತ್ಯ. ‘ದಲಾಲರನ್ನು ತೊಲಗಿಸಿ’ ಎಂಬ ಕೂಗಿಗೆ ಮೊದಲು ಬಲಿಯಾಗುವವರು ಲಾರಿಗಟ್ಟಲೆ ಖರೀದಿಸುವ ಸಾಹುಕಾರರಲ್ಲ. ತಲೆತಲಾಂತರದಿಂದ ಹಣ್ಣು-ತರಕಾರಿ ಮಾರುವ ಬಾಗವಾನರು, ಬುಟ್ಟಿ ಹೊತ್ತು ಓಣಿ ಓಣಿ ತಿರುಗುವ ಹೆಂಗಸರು ಬಲಿಯಾಗುತ್ತಾರೆ. ಮುಂದಿನ ಸಾಲು ರೈತರಿಗೆ ಮೀಸಲಿರಲಿ, ಹಿಂದಿನ ಸಾಲಿನಲ್ಲಿ ಇವರಿಗೂ ಜಾಗವಿರಲಿ. 2022ರಲ್ಲಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಮಳಿಗೆ ನಿರಾಕರಿಸಲಾಯಿತು. ಅದೇ ಎಪ್ರಿಲ್‌ನಲ್ಲಿ ಧಾರವಾಡದ ನುಗ್ಗಿಕೇರಿಯಲ್ಲಿ ಬಡ ವ್ಯಾಪಾರಿಯೊಬ್ಬರ ಕಲ್ಲಂಗಡಿಗಳನ್ನು ಒಡೆದು ಚೆಲ್ಲಲಾಯಿತು. ಆ ಹಣ್ಣುಗಳ ಹಿಂದೆ ಯಾವುದೋ ಹೊಲದ ರೈತನ ಬೆವರೂ ಇತ್ತೆಂಬುದನ್ನು ಒಡೆದವರು ಯೋಚಿಸಲಿಲ್ಲ. ಕೊಳ್ಳುವವನನ್ನು ಓಡಿಸಿ ಬೆಳೆಯುವವನನ್ನು ಉಳಿಸಲಾಗದು.

ಹಾಗೆಂದು ನಮ್ಮ ವ್ಯಾಪಾರಿಗಳೆಲ್ಲ ನಿರ್ದೋಷಿಗಳೆಂದು ನಾವು ಹೇಳುವುದಿಲ್ಲ. ಹಳ್ಳಿಯಿಂದ ಸರಕು ತರುವವರನ್ನು ಪೇಟೆ ಮುಟ್ಟುವ ಮೊದಲೇ ದಾರಿಯಲ್ಲಿ ಎದುರುಗೊಂಡು ಕೊಳ್ಳುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದರು. ಬೆಲೆ ಅರಿಯದವನ ಅಜ್ಞಾನ ಇನ್ನೊಬ್ಬನ ಲಾಭವಾಗಬಾರದು ಎಂಬುದೇ ಅದರ ತಿರುಳು. ಊರ ಹೊರಗಿನ ರಸ್ತೆಯಲ್ಲಿ ಗಾಡಿ ತಡೆದು ಚೌಕಾಸಿ ಮಾಡುವವರು, ತೂಕದಲ್ಲಿ ಕೈಚಳಕ ತೋರುವವರು ನಮ್ಮಲ್ಲೂ ಇದ್ದಾರೆ. ಸಂತೆಯಲ್ಲಿ ಸಮಾನ ಹಕ್ಕು ಕೇಳುವವರು ಮೊದಲು ತಮ್ಮ ತಕ್ಕಡಿಯನ್ನು ಸರಿಪಡಿಸಿಕೊಳ್ಳಬೇಕು.

ಹೂಲಿಯ ಕಟ್ಟೆಗೆ ಬೇಕಾದ ಕಲ್ಲು, ಸಿಮೆಂಟು ಎಲ್ಲಾದರೂ ಸಿಕ್ಕೀತು. ಅದರ ಮೇಲೆ ಯಾರು ಕೂರಬೇಕು, ಯಾವ ತೂಕದಲ್ಲಿ ಮಾರಬೇಕು ಎಂಬುದನ್ನು ಊರಿನವರೇ ಗ್ರಾಮಸಭೆಯಲ್ಲಿ ಕುಳಿತು ತೀರ್ಮಾನಿಸಲಿ.